ವೃದ್ಧಾಪ್ಯದಲ್ಲಿ ಶಸ್ತ್ರಚಿಕಿತ್ಸೆ: ವಯಸ್ಸು ಮತ್ತು ತ್ರಾಣ

ಮನೆಯ ಹಿರಿಯರೊಬ್ಬರಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದೊಡನೆ ಬಂಧುಮಿತ್ರರ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಒಂದೇ: "ಅವರಿಗೆ ವಯಸ್ಸೆಷ್ಟು?" ಎಂಬತ್ತು ಎಂದರೆ "ಈ ವಯಸ್ಸಿನಲ್ಲಿ ಬೇಡವೇ ಬೇಡ" ಎನ್ನುವವರುಂಟು. ಅರವತ್ತೈದು ಎಂದರೆ "ಅದೇನು ಮಹಾ ವಯಸ್ಸು, ಮಾಡಿಸಿಬಿಡಿ" ಎನ್ನುವವರೂ ಉಂಟು. ವಯಸ್ಸು ಸುಲಭವಾಗಿ ತಿಳಿಯಬರುವ ಸಂಖ್ಯೆ. ಆದುದರಿಂದಲೇ ಅದನ್ನು ನಾವು ಅಷ್ಟೊಂದು ನೆಚ್ಚುತ್ತೇವೆ. ಆದರೆ ಸುಲಭವಾಗಿ ದೊರೆಯುವ ಅಳತೆಯೇ ಸರಿಯಾದ ಅಳತೆಯೂ ಆಗಿರಬೇಕೆಂಬ ನಿಯಮವೇನೂ ಇಲ್ಲ. ಭೌತವಿಜ್ಞಾನದ ಪ್ರಯೋಗಶಾಲೆಗೆ ಬರುವ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ಈ ಪಾಠ ನನಗೆ ಪೂರ್ತಿಯಾಗಿ ಮನದಟ್ಟಾದುದು ಮಾತ್ರ ಪ್ರಯೋಗಶಾಲೆಯಲ್ಲಲ್ಲ, ನಮ್ಮ ಮನೆಯಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನವರಿಗೆ ಹರ್ನಿಯದ ಶಸ್ತ್ರಚಿಕಿತ್ಸೆಯಾಯಿತು. ಆಗ ಅವರಿಗೆ ಎಪ್ಪತ್ತೊಂದು ವರ್ಷ. ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಹೃದಯದ ಇ. ಸಿ. ಜಿ., ಎದೆಯ ಎಕ್ಸ್‌-ರೇ ಎಲ್ಲವೂ ಸರಿಯಾಗಿದ್ದುವು. ಶಸ್ತ್ರಚಿಕಿತ್ಸೆಯೂ ಯಾವ ಲೋಪವೂ ಇಲ್ಲದೆ ನೆರವೇರಿತು. ಆದರೆ ಎರಡನೆಯ ರಾತ್ರಿ ಅವರಿಗೆ ತಾವೆಲ್ಲಿರುವೆವೆಂಬುದೇ ತಿಳಿಯದಾಯಿತು. ಎಂದೋ ತೀರಿಕೊಂಡವರ ಹೆಸರು ಹಿಡಿದು ಕೂಗತೊಡಗಿದರು. ಈ ಭ್ರಾಂತಿ ನಾಲ್ಕು ದಿನಗಳಲ್ಲಿ ಇಳಿಯಿತು. ಆದರೆ ಹಾಸಿಗೆ ಹಿಡಿದ ಕಾಲುಗಳು ಮತ್ತೆ ಮೊದಲಿನಂತಾಗಲಿಲ್ಲ. ಅಲ್ಲಿಯವರೆಗೆ ಒಬ್ಬರೇ ಪೇಟೆಗೆ ಹೋಗಿಬರುತ್ತಿದ್ದವರು ಅಲ್ಲಿಂದ ಮುಂದೆ ಬಚ್ಚಲುಮನೆಗೂ ಇನ್ನೊಬ್ಬರ ತೋಳು ಹಿಡಿದೇ ಹೋಗಬೇಕಾಯಿತು.

ಹಿಂತಿರುಗಿ ನೋಡಿದಾಗ ಕೆಲವು ಸಂಗತಿಗಳು ನೆನಪಿಗೆ ಬಂದುವು. ಅದರ ಹಿಂದಿನ ವರ್ಷದಲ್ಲಿ ಅವರ ಅಂಗಿಗಳೆಲ್ಲ ಸಡಿಲವಾಗಿದ್ದುವು. ಕುರ್ಚಿಯಿಂದ ಏಳುವಾಗ ಎರಡು ಕೈಗಳನ್ನೂ ಊರಿ ಏಳುತ್ತಿದ್ದರು. ಸಂಜೆಯ ತಿರುಗಾಟ ತಾನಾಗಿ ನಿಂತುಹೋಗಿತ್ತು. ಇವನ್ನು ನಾವೆಲ್ಲರೂ ನೋಡಿದ್ದೆವು. ನೋಡಿ, "ವಯಸ್ಸಾಯಿತಲ್ಲ" ಎಂದು ಸುಮ್ಮನಾಗಿದ್ದೆವು. ಈ ಮೂರೂ ಬರಿಯ ವಯಸ್ಸಿನ ಲಕ್ಷಣಗಳಲ್ಲ, ಅಳೆದು ಬರೆದಿಡಬೇಕಾದ ದತ್ತಾಂಶಗಳು ಎಂಬುದು ನನಗೆ ತಿಳಿದುದು ಅನಂತರ.

ಹಗ್ಗ ಮತ್ತು ಭಾರ

ಒಂದು ಟನ್ ಭಾರವನ್ನು ಎತ್ತುವುದಕ್ಕಾಗಿ ಎಂಜಿನಿಯರು ಉಕ್ಕಿನ ಹಗ್ಗವೊಂದನ್ನು ಆರಿಸುತ್ತಾನೆಂದು ಭಾವಿಸೋಣ. ಸರಿಯಾಗಿ ಒಂದು ಟನ್ನಿಗೆ ತುಂಡಾಗುವ ಹಗ್ಗವನ್ನು ಅವನು ಎಂದಿಗೂ ಆರಿಸುವುದಿಲ್ಲ. ಐದು ಟನ್ ಭಾರವನ್ನು ತಡೆಯಬಲ್ಲ ಹಗ್ಗವನ್ನು ತರಿಸುತ್ತಾನೆ. ಈ ಐದರ ಪ್ರಮಾಣವನ್ನು ಸುರಕ್ಷಾಂಕವೆಂದು ಕರೆಯಬಹುದು. ನಿತ್ಯದ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿರುವ ಈ ಬಲವು ಗಾಳಿ ಬೀಸಿದಾಗ, ಭಾರ ತಟಕ್ಕನೆ ಜಗ್ಗಿದಾಗ ಒದಗಿಬರುವ ಮೀಸಲು.

ವರ್ಷಗಳು ಕಳೆದಂತೆ ಹಗ್ಗದ ಎಳೆಗಳು ಒಂದೊಂದಾಗಿ ಸವೆಯುತ್ತವೆ. ಐದು ಟನ್ ತಡೆಯುತ್ತಿದ್ದುದು ನಾಲ್ಕಕ್ಕೆ, ಮೂರಕ್ಕೆ, ಕೊನೆಗೆ ಒಂದೂಕಾಲಕ್ಕೆ ಇಳಿಯುತ್ತದೆ. ಆದರೂ ಅದು ಒಂದು ಟನ್ ಭಾರವನ್ನು ಎಂದಿನಂತೆಯೇ ಎತ್ತುತ್ತಿರುತ್ತದೆ! ದೂರದಲ್ಲಿ ನಿಂತು ನೋಡುವವನಿಗೆ ಹೊಸ ಹಗ್ಗಕ್ಕೂ ಇದಕ್ಕೂ ಭೇದವೇ ಕಾಣದು. ಭೇದ ಗೊತ್ತಾಗುವುದು ಒಂದೂವರೆ ಟನ್ ಭಾರ ಬಿದ್ದ ದಿನ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹಗ್ಗದ ಬಲವನ್ನು ಅದು ಕೊಂಡ ವರ್ಷದಿಂದ ಹೇಳಲು ಬಾರದು. ಮನೆಯೊಳಗಿದ್ದ ಇಪ್ಪತ್ತು ವರ್ಷದ ಹಗ್ಗ ಮಳೆಬಿಸಿಲಿನಲ್ಲಿದ್ದ ಹತ್ತು ವರ್ಷದ ಹಗ್ಗಕ್ಕಿಂತ ಗಟ್ಟಿಯಾಗಿರಬಹುದು. ಎರಡನೆಯದಾಗಿ, ಭಾರ ಹಾಕದೆ ಅದರ ಬಲವನ್ನು ತಿಳಿಯಲಾಗದು.

ಮಾನವ ಶರೀರದಲ್ಲಿಯೂ ಇಂತಹ ಮೀಸಲು ಧಾರಾಳವಾಗಿದೆ. ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ದಾನ ಮಾಡಿದವರು ಆರೋಗ್ಯವಾಗಿ ಬಾಳುತ್ತಾರೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ದೂಡುವ ಹೃದಯವು ಆರೋಗ್ಯವಂತ ತರುಣನು ಓಡುವಾಗ ೨೦ ಲೀಟರಿಗೂ ಮಿಕ್ಕಿ ದೂಡಬಲ್ಲದು. ವಯಸ್ಸಾದಂತೆ ಈ ಮೀಸಲು ಎಲ್ಲರಲ್ಲಿಯೂ ಕುಗ್ಗುತ್ತದೆ, ಆದರೆ ಒಂದೇ ವೇಗದಲ್ಲಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯು, ಮೆದುಳು ಇವುಗಳ ಮೀಸಲು ಒಟ್ಟೊಟ್ಟಿಗೆ ಬಹಳ ಕಡಮೆಯಾಗಿ, ಸಣ್ಣ ಆಘಾತಕ್ಕೂ ಶರೀರ ತತ್ತರಿಸುವ ಸ್ಥಿತಿ ಕೆಲವರಿಗೆ ಬರುತ್ತದೆ. ಇಂಗ್ಲಿಷಿನ ವೈದ್ಯಗ್ರಂಥಗಳಲ್ಲಿ ಇದಕ್ಕೆ 'ಫ್ರೇಲ್ಟಿ' ಎಂದು ಹೆಸರು. ಇದನ್ನು ನಾವು ಜರಾಕ್ಷೀಣತೆ ಎಂದು ಕರೆಯೋಣ. ನಮ್ಮ ಆಡುಮಾತಿನಲ್ಲಿ ಇದಕ್ಕೆ ಸಮೀಪವಾದ ಮಾತು ಮೊದಲೇ ಇದೆ. "ಮೈಯಲ್ಲಿ ತ್ರಾಣವಿಲ್ಲ" ಎನ್ನುತ್ತೇವಲ್ಲವೆ? ಆ ತ್ರಾಣವೇ ನಾವು ಹೇಳುತ್ತಿರುವ ಮೀಸಲು.

ಶಸ್ತ್ರಚಿಕಿತ್ಸೆಯ ಭಾರ

ಶಸ್ತ್ರಚಿಕಿತ್ಸೆ ಶರೀರದ ಮೇಲೆ ಹೊರಿಸುವ ಭಾರ ಎಂತಹುದು? ರೋಗಿ ಅಲುಗಾಡದೆ ಮಲಗಿರುವುದರಿಂದ ಅವನ ಶರೀರವೂ ವಿಶ್ರಾಂತಿಯಲ್ಲಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಆಗ ಅದು ಬಹಳ ದುಡಿಯುತ್ತಿರುತ್ತದೆ. ಕೊಯ್ತದ ಗಾಯವನ್ನು ಕೂಡಿಸಬೇಕು, ಸೋರಿದ ರಕ್ತವನ್ನು ತುಂಬಬೇಕು, ರೋಗಾಣುಗಳನ್ನು ತಡೆಯಬೇಕು, ಅರಿವಳಿಕೆಯ ಔಷಧವನ್ನು ಹೊರಹಾಕಬೇಕು. ಇದಕ್ಕೆಲ್ಲ ಆಮ್ಲಜನಕ ಹೆಚ್ಚಾಗಿ ಬೇಕು. ಗಾಯ ಮಾಯಲು ಬೇಕಾದ ಪ್ರೋಟೀನು ಉಪವಾಸದ ದಿನಗಳಲ್ಲಿ ಎಲ್ಲಿಂದ ಬರಬೇಕು? ಶರೀರವು ತನ್ನ ಸ್ನಾಯುಗಳನ್ನೇ ಕರಗಿಸಿ ಅದನ್ನು ಒದಗಿಸುತ್ತದೆ. ಸ್ನಾಯು ಕೇವಲ ಚಲನೆಯ ಯಂತ್ರವಲ್ಲ, ಆಪತ್ಕಾಲದ ಕಣಜವೂ ಹೌದು. ವಯಸ್ಸಿನೊಂದಿಗೆ ಸ್ನಾಯು ಸವೆಯುವುದಕ್ಕೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಎಂಬವರು ೧೯೮೯ರಲ್ಲಿ 'ಸಾರ್ಕೊಪೀನಿಯ' ಎಂಬ ಹೆಸರನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಮಾಂಸದ ಬಡತನ. ಕಣಜ ಬರಿದಾದ ಮನೆಗೆ ಬರಗಾಲ ಬಂದರೆ ಏನಾಗುವುದೋ ಸ್ನಾಯು ಸವೆದ ಶರೀರಕ್ಕೆ ಶಸ್ತ್ರಚಿಕಿತ್ಸೆಯಾದಾಗ ಅದೇ ಆಗುತ್ತದೆ.

ಇದರ ಮೇಲೆ ಹಾಸಿಗೆಯ ಹಾನಿ ಬೇರೆ. ೨೦೦೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ ಕೆಲವು ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಲಾಯಿತು. ಅವರಿಗೆ ರೋಗವಿರಲಿಲ್ಲ, ಗಾಯವಿರಲಿಲ್ಲ, ಆಹಾರದ ಕೊರತೆಯೂ ಇರಲಿಲ್ಲ. ಆದರೂ ಹತ್ತು ದಿನಗಳಲ್ಲಿ ಅವರ ಕಾಲುಗಳ ಕೊಬ್ಬಿಲ್ಲದ ಮಾಂಸದಲ್ಲಿ ಸರಾಸರಿ ಹೆಚ್ಚುಕಡಮೆ ಒಂದು ಕಿಲೋಗ್ರಾಂ ನಷ್ಟವಾಗಿತ್ತು.

ಇನ್ನು, ನಮ್ಮ ದೊಡ್ಡಪ್ಪನವರ ಪರೀಕ್ಷೆಗಳೆಲ್ಲ ಸರಿಯಾಗಿದ್ದುದು ಹೇಗೆ? ಆ ಪರೀಕ್ಷೆಗಳು ಸುಳ್ಳಲ್ಲ. ಆದರೆ ಅವು ನಡೆದುದು ಶರೀರ ವಿಶ್ರಾಂತಿಯಲ್ಲಿದ್ದಾಗ, ಅಂದರೆ ಹಗ್ಗಕ್ಕೆ ಒಂದೇ ಟನ್ ಭಾರವಿದ್ದಾಗ. ಕೆಲವೊಮ್ಮೆ ಅಳತೆಯೇ ನಮ್ಮನ್ನು ದಾರಿತಪ್ಪಿಸುವುದೂ ಉಂಟು. ಮೂತ್ರಪಿಂಡದ ಕೆಲಸವನ್ನು ತಿಳಿಯಲು ರಕ್ತದಲ್ಲಿರುವ ಕ್ರಿಯಾಟಿನೀನ್ ಎಂಬ ವಸ್ತುವನ್ನು ಅಳೆಯುತ್ತಾರೆ. ಈ ವಸ್ತು ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯು ಸವೆದವರಲ್ಲಿ ಅದರ ಉತ್ಪತ್ತಿಯೇ ಕಡಮೆ. ಆದುದರಿಂದ ಮೂತ್ರಪಿಂಡವು ಅದನ್ನು ನಿಧಾನವಾಗಿ ಹೊರಹಾಕುತ್ತಿದ್ದರೂ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾಗದೆ ಇರಬಹುದು. ಒಂದು ಕ್ಷೀಣತೆ ಇನ್ನೊಂದು ಕ್ಷೀಣತೆಯನ್ನು ಮರೆಮಾಚಿದಂತಾಯಿತು!

ತ್ರಾಣವನ್ನು ಅಳೆಯುವ ಬಗೆ

ಹಾಗಾದರೆ ಮೀಸಲನ್ನು ಅಳೆಯುವುದು ಹೇಗೆ? ಹಗ್ಗ ಕಲಿಸಿದ ಪಾಠವೇ ಇಲ್ಲಿಗೂ ಸಲ್ಲುತ್ತದೆ: ಅಪಾಯವಾಗದಷ್ಟು ಸಣ್ಣ ಭಾರವನ್ನು ಹೊರಿಸಿ ನೋಡಬೇಕು. ಇಂತಹ ಭಾರಗಳು ನಮ್ಮ ದಿನಚರಿಯಲ್ಲಿಯೇ ಇವೆ.

ಮೆಟ್ಟಿಲು ಹತ್ತುವುದನ್ನೇ ತೆಗೆದುಕೊಳ್ಳೋಣ. ೬೦ ಕಿಲೋಗ್ರಾಂ ತೂಕದವರೊಬ್ಬರು ತಲಾ ೩ ಮೀಟರ್ ಎತ್ತರವಿರುವ ಎರಡು ಅಂತಸ್ತುಗಳನ್ನು ಒಂದು ನಿಮಿಷದಲ್ಲಿ ಹತ್ತಿದರೆನ್ನಿ. ಅವರು ಮಾಡಿದ ಕಾರ್ಯ ೬೦ × ೯.೮ × ೬, ಅಂದರೆ ೩೫೨೮ ಜೂಲ್. ಇದನ್ನು ೬೦ ಸೆಕೆಂಡುಗಳಿಂದ ಭಾಗಿಸಿದರೆ ಬರುವ ಸಾಮರ್ಥ್ಯ ಸುಮಾರು ೫೯ ವಾಟ್. ನಮ್ಮ ಸ್ನಾಯುಗಳ ದಕ್ಷತೆ ಶೇಕಡ ೨೦ರಿಂದ ೨೫ರಷ್ಟು ಮಾತ್ರ. ಮಿಕ್ಕುದೆಲ್ಲ ಶಾಖವಾಗಿ ಹೋಗುತ್ತದೆ. ಆದುದರಿಂದ ಶರೀರವು ಸುಮಾರು ೨೪೦ರಿಂದ ೩೦೦ ವಾಟಿನ ದರದಲ್ಲಿ ಶಕ್ತಿಯನ್ನು ವ್ಯಯಮಾಡಬೇಕಾಗುತ್ತದೆ. ಸುಮ್ಮನೆ ಕುಳಿತಾಗ ಇದೇ ವ್ಯಕ್ತಿಗೆ ಬೇಕಾಗುವುದು ೭೦ ವಾಟಿನಷ್ಟು. ಅಂದರೆ ಏದುಸಿರಿಲ್ಲದೆ ಎರಡು ಅಂತಸ್ತು ಹತ್ತಬಲ್ಲವರ ಹೃದಯ ಮತ್ತು ಶ್ವಾಸಕೋಶಗಳಲ್ಲಿ ವಿಶ್ರಾಂತಿಯ ಹೆಚ್ಚುಕಡಮೆ ನಾಲ್ಕು ಪಟ್ಟು ಶಕ್ತಿಯನ್ನು ಒದಗಿಸುವ ಮೀಸಲು ಇದೆಯೆಂದಾಯಿತು. "ಎರಡು ಅಂತಸ್ತು ಹತ್ತಬಲ್ಲಿರಾ?" ಎಂದು ಅರಿವಳಿಕೆ ತಜ್ಞರು ಕೇಳುವ ಪ್ರಶ್ನೆ ಕುಶಲೋಪರಿಯಲ್ಲ. ಅದೊಂದು ಭಾರಪರೀಕ್ಷೆ.

ಇದಕ್ಕಿಂತಲೂ ಸರಳವಾದ ಪರೀಕ್ಷೆಯೊಂದು ೧೯೯೧ರಿಂದ ಪ್ರಚಾರದಲ್ಲಿದೆ. ಕುರ್ಚಿಯಿಂದ ಎದ್ದು, ೩ ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ಇದಕ್ಕೆ ಹಿಡಿದ ಕಾಲವನ್ನು ಗಡಿಯಾರದಲ್ಲಿ ನೋಡಬೇಕು, ಅಷ್ಟೆ. ಏಳಲು ತೊಡೆಯ ಸ್ನಾಯು ಬೇಕು, ನಡೆಯಲು ಹೃದಯ ಮತ್ತು ಶ್ವಾಸಕೋಶ, ತಿರುಗಲು ಸಮತೋಲ, ಸೂಚನೆಯನ್ನು ನೆನಪಿಡಲು ಮೆದುಳು. ಒಂದೇ ಸಂಖ್ಯೆಯಲ್ಲಿ ಹಲವು ಅಂಗಗಳ ಸಾಕ್ಷ್ಯ ದೊರೆಯುತ್ತದೆ. ದೊಡ್ಡ ಕರುಳಿನ ಹಾಗೂ ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ವೃದ್ಧರಲ್ಲಿ ಈ ಪರೀಕ್ಷೆಗೆ ೧೫ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿದವರಿಗೆ ಶಸ್ತ್ರಚಿಕಿತ್ಸೆಯ ಅನಂತರದ ತೊಡಕುಗಳು ಹೆಚ್ಚೆಂದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಜರಾಕ್ಷೀಣತೆಗೆ ಸ್ಪಷ್ಟವಾದ ಲಕ್ಷಣ ಹೇಳಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು. ೬೫ ವರ್ಷಕ್ಕೆ ಮೇಲ್ಪಟ್ಟ ೫೩೧೭ ಸ್ತ್ರೀಪುರುಷರ ಪರಿಶೀಲನೆಯಿಂದ ೨೦೦೧ರಲ್ಲಿ ಅವರು ಐದು ಗುರುತುಗಳನ್ನು ಕೊಟ್ಟರು. ಪ್ರಯತ್ನಪಡದೆಯೇ ಒಂದು ವರ್ಷದಲ್ಲಿ ಸುಮಾರು ನಾಲ್ಕೂವರೆ ಕಿಲೋಗ್ರಾಂ ತೂಕ ಇಳಿದಿರುವುದು, ಸದಾ ಬಳಲಿಕೆ, ಕೈಹಿಡಿತದ ಬಲ ಕುಂದಿರುವುದು, ನಡಿಗೆ ನಿಧಾನವಾಗಿರುವುದು, ಓಡಾಟ ಕಡಮೆಯಾಗಿರುವುದು, ಇವೇ ಆ ಐದು. ಮೂರು ಅಥವಾ ಹೆಚ್ಚು ಗುರುತುಗಳಿದ್ದವರು ಕ್ಷೀಣರು. ಒಂದೆರಡಿದ್ದವರು ಮಧ್ಯಮರು. ಒಂದೂ ಇಲ್ಲದವರು ದೃಢಕಾಯರು. ಸಡಿಲವಾದ ಅಂಗಿ, ನಿಂತುಹೋದ ತಿರುಗಾಟ ಇವೆರಡೂ ಈ ಪಟ್ಟಿಯಲ್ಲಿಯೇ ಇವೆಯೆಂಬುದನ್ನು ವಾಚಕರು ಗಮನಿಸಿರಬಹುದು. ಕೆನಡದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು ೨೦೦೫ರಲ್ಲಿ ಇನ್ನೊಂದು ಅಳತೆಗೋಲನ್ನು ರೂಪಿಸಿದರು. ಅದಕ್ಕೆ ಯಾವ ಉಪಕರಣವೂ ಬೇಡ. ಸ್ನಾನ, ಅಡಿಗೆ, ಪೇಟೆಯ ವ್ಯವಹಾರ ಮುಂತಾದುವನ್ನು ಹಿರಿಯರು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರೆಂಬುದನ್ನು ವಿಚಾರಿಸಿ ಮೆಟ್ಟಿಲು ಮೆಟ್ಟಿಲಾಗಿ ಗುರುತಿಸುವ ಕ್ರಮ ಅದು.

ಬಾಲ್ಟಿಮೋರಿನ ಅಂಕಿಗಳು

ಫ್ರೀಡ್ ಅವರ ಈ ಐದು ಗುರುತುಗಳು ಶಸ್ತ್ರಚಿಕಿತ್ಸೆಯ ಫಲವನ್ನು ಮುಂದಾಗಿ ಸೂಚಿಸಬಲ್ಲವೆ? ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಾರ್ಟಿನ್ ಮಕಾರಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ೨೦೧೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೬೫ ವರ್ಷ ಮತ್ತು ಮೇಲ್ಪಟ್ಟ ೫೯೪ ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅಳೆದು ವಿಂಗಡಿಸಲಾಯಿತು. ಇವರಲ್ಲಿ ಶೇಕಡ ೧೦.೪ರಷ್ಟು ಮಂದಿ ಕ್ಷೀಣರಾಗಿದ್ದರು.

ಚಿಕ್ಕ ಶಸ್ತ್ರಚಿಕಿತ್ಸೆಗಳ ಅನಂತರ ತೊಡಕು ಕಾಣಿಸಿಕೊಂಡುದು ದೃಢಕಾಯರಲ್ಲಿ ನೂರಕ್ಕೆ ೩.೯ ಮಂದಿಗೆ, ಮಧ್ಯಮರಲ್ಲಿ ೭.೩ ಮಂದಿಗೆ, ಕ್ಷೀಣರಲ್ಲಿ ೧೧.೪ ಮಂದಿಗೆ. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಅಂಕಿಗಳು ಕ್ರಮವಾಗಿ ೧೯.೫, ೩೩.೭ ಮತ್ತು ೪೩.೫. ಇದಕ್ಕಿಂತ ಹೆಚ್ಚಾಗಿ ಮನಸ್ಸನ್ನು ತಟ್ಟುವ ಅಂಕಿ ಇನ್ನೊಂದಿದೆ. ತಮ್ಮ ಮನೆಯಿಂದಲೇ ಬಂದಿದ್ದವರಲ್ಲಿ ಎಷ್ಟು ಮಂದಿ ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಮನೆಗೆ ಹಿಂತಿರುಗಲಾರದೆ ಆರೈಕೆಯ ಕೇಂದ್ರಗಳಿಗೆ ಹೋಗಬೇಕಾಯಿತು? ದೃಢಕಾಯರಲ್ಲಿ ನೂರಕ್ಕೆ ೨.೯ ಮಂದಿ, ಕ್ಷೀಣರಲ್ಲಿ ೪೨.೧ ಮಂದಿ. ವೃದ್ಧರು ಅನೇಕವೇಳೆ ಸಾವಿಗಿಂತ ಹೆಚ್ಚಾಗಿ ಅಂಜುವುದು ಪರಾಧೀನತೆಗೆ. ಆ ಅಂಜಿಕೆಗೆ ಆಧಾರವಿದೆಯೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಅಂದಾಜು ಮಾಡುವುದು ಸಾಧ್ಯವೆಂದು ಈ ಅಧ್ಯಯನ ತೋರಿಸಿತು.

ಅಳತೆ ತೀರ್ಪಲ್ಲ

ಈ ಅಂಕಿಗಳನ್ನು ಓದಿದ ಯಾರಾದರೂ "ಹಾಗಾದರೆ ಕ್ಷೀಣರಿಗೆ ಶಸ್ತ್ರಚಿಕಿತ್ಸೆಯೇ ಸಲ್ಲದು" ಎಂದು ತೀರ್ಮಾನಿಸಿದರೆ ಅದು ದೊಡ್ಡ ತಪ್ಪಾಗುತ್ತದೆ. ೪೩.೫ರ ಇನ್ನೊಂದು ಮುಖ ೫೬.೫. ಅಷ್ಟು ಮಂದಿಗೆ ತೊಡಕೇ ಆಗಲಿಲ್ಲ. ಸಂಖ್ಯಾಶಾಸ್ತ್ರವು ಗುಂಪಿನ ಮಾತನ್ನು ಹೇಳುತ್ತದೆ, ಒಬ್ಬ ವ್ಯಕ್ತಿಯ ಭವಿಷ್ಯವನ್ನಲ್ಲ. ಇದಲ್ಲದೆ ಅಮೆರಿಕದ ಜನರಿಗಾಗಿ ಗೊತ್ತುಮಾಡಿದ ಕೈಹಿಡಿತದ, ನಡಿಗೆಯ ಮಿತಿಗಳನ್ನು ನಮ್ಮವರಿಗೆ ಹಾಗೆಯೇ ಹಚ್ಚುವುದೂ ಸರಿಯಲ್ಲ. ಎತ್ತರ, ತೂಕ, ಜೀವನಕ್ರಮಗಳಿಗೆ ತಕ್ಕಂತೆ ಅವು ಬದಲಾಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಶಸ್ತ್ರಚಿಕಿತ್ಸೆ ಮಾಡದಿರುವುದಕ್ಕೂ ತನ್ನದೇ ಆದ ಅಪಾಯವಿದೆ. ಬಿದ್ದು ಸೊಂಟದ ಕೀಲಿನ ಬಳಿ ತೊಡೆಯೆಲುಬು ಮುರಿದುಕೊಂಡ ಅಜ್ಜಿಯ ವಿಷಯವನ್ನು ಯೋಚಿಸಿರಿ. ಅವರು ಎಷ್ಟೇ ಕ್ಷೀಣರಾಗಿದ್ದರೂ ವಾರಗಟ್ಟಲೆ ಅಲುಗಾಡದೆ ಮಲಗಿಸುವುದು ಬಹುಮಟ್ಟಿಗೆ ಇನ್ನೂ ಕೆಟ್ಟದ್ದು. ಭಾರತವೂ ಸೇರಿ ೧೭ ದೇಶಗಳ ೨೯೭೦ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂತಹ ಮುರಿತಕ್ಕೆ ಬಹು ಬೇಗ ಶಸ್ತ್ರಚಿಕಿತ್ಸೆ ಮಾಡಿದುದರಿಂದ ಸಾವಿನ ಪ್ರಮಾಣ ಇಳಿಯಲಿಲ್ಲವಾದರೂ ಸನ್ನಿಯ ಬಾಧೆ ಕಡಮೆಯಾಯಿತು, ರೋಗಿಗಳು ಬೇಗ ಎದ್ದು ನಿಂತರು. ಇದಕ್ಕೆ ಪ್ರತಿಯಾಗಿ, ನೋವಿಲ್ಲದ ಸಣ್ಣ ಹರ್ನಿಯವು ಎಷ್ಟೋ ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ಕಾಯಬಹುದಾದುದು. ಆದುದರಿಂದ "ಮಾಡಬಹುದೇ?" ಎಂಬ ಪ್ರಶ್ನೆಯೊಂದಿಗೆ "ಮಾಡದಿದ್ದರೆ ಏನು? ಕಾಯಬಹುದೇ? ಇವರಿಗೆ ಬೇಕಾಗಿರುವುದೇನು?" ಎಂಬ ಪ್ರಶ್ನೆಗಳನ್ನೂ ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಕ್ಕಳಲ್ಲ, ಆ ಹಿರಿಯರೇ.

ಮೀಸಲನ್ನು ಕೂಡಿಸಬಹುದೆ?

ಸವೆದ ಹಗ್ಗ ತಾನಾಗಿ ಗಟ್ಟಿಯಾಗಲಾರದು. ಹಗ್ಗದ ಉಪಮಾನ ಮುರಿದುಬೀಳುವುದು ಇಲ್ಲಿಯೇ, ಮತ್ತು ಅದು ನಮ್ಮ ಭಾಗ್ಯ. ಸ್ನಾಯುವು ಜೀವಂತ ವಸ್ತು. ಎಪ್ಪತ್ತು ಎಂಬತ್ತರಲ್ಲಿಯೂ ಅದು ವ್ಯಾಯಾಮಕ್ಕೆ ಸ್ಪಂದಿಸಿ ಬಲಗೊಳ್ಳುತ್ತದೆ. ಅವಸರವಿಲ್ಲದ ಶಸ್ತ್ರಚಿಕಿತ್ಸೆಯಾದರೆ ನಡುವೆ ದೊರೆಯುವ ಕೆಲವು ವಾರಗಳನ್ನು ಸಿದ್ಧತೆಗೆ ಬಳಸಬಹುದು. ಸ್ಪೇನಿನ ಬಾರ್ಸಿಲೋನದಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಕಾದಿದ್ದ, ಎಪ್ಪತ್ತು ಮೀರಿದ ಅಥವಾ ಇತರ ರೋಗಗಳಿಂದ ಅಪಾಯ ಹೆಚ್ಚಾಗಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲೇ ವ್ಯಾಯಾಮದ ತರಬೇತಿ ಕೊಡಲಾಯಿತು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿಯಿಲ್ಲದವರಲ್ಲಿ ಶೇಕಡ ೬೨ ಮಂದಿಗೆ ತೊಡಕುಗಳಾದರೆ ತರಬೇತಿ ಪಡೆದವರಲ್ಲಿ ಶೇಕಡ ೩೧ ಮಂದಿಗೆ ಮಾತ್ರ ಆದುವು. ಆದರೆ ಕರುಳಿನ ಕ್ಯಾನ್ಸರಿನ ೧೧೦ ಮಂದಿ ಕ್ಷೀಣ ರೋಗಿಗಳ ಮೇಲೆ ಮಾಂಟ್ರಿಯಲ್‌ನಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲು ತರಬೇತಿ ಪಡೆದವರಿಗೂ ಅನಂತರ ಪಡೆದವರಿಗೂ ತೊಡಕುಗಳಲ್ಲಿ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ವಿಜ್ಞಾನದಲ್ಲಿ ಒಂದು ಪ್ರಯೋಗದ ಹಿಗ್ಗನ್ನು ಇನ್ನೊಂದು ಪ್ರಯೋಗ ತಗ್ಗಿಸುವುದು ಸಹಜ. ಯಾರಿಗೆ, ಎಷ್ಟು ವಾರ, ಯಾವ ವ್ಯಾಯಾಮ ಎಂಬ ಶೋಧನೆ ಮುಂದುವರಿಯಬೇಕಾಗಿದೆ.

ವ್ಯಾಯಾಮವೊಂದೇ ಸಾಲದು. ಪ್ರೋಟೀನಿರುವ ಆಹಾರ, ರಕ್ತಹೀನತೆಯ ಚಿಕಿತ್ಸೆ, ಅನಾವಶ್ಯಕ ಔಷಧಗಳ ಕಡಿತ, ಧೂಮಪಾನದ ವರ್ಜನೆ ಎಲ್ಲವೂ ವೈದ್ಯರ ಸಲಹೆಯಂತೆ ಕೂಡಿಬರಬೇಕು. ಲಂಡನ್ನಿನಲ್ಲಿ ರಕ್ತನಾಳಗಳ ಶಸ್ತ್ರಚಿಕಿತ್ಸೆಗೆ ಬಂದ ಹಿರಿಯರನ್ನು ವೃದ್ಧಾಪ್ಯದ ತಜ್ಞರು ಮುಂಚಿತವಾಗಿ ಇಡಿಯಾಗಿ ಪರಿಶೀಲಿಸಿ ಇಂತಹ ಲೋಪಗಳನ್ನು ಸರಿಪಡಿಸಿದಾಗ, ಆಸ್ಪತ್ರೆಯ ವಾಸವು ಸರಾಸರಿ ಐದೂವರೆ ದಿನಗಳಿಂದ ಸುಮಾರು ಮೂರೂಕಾಲು ದಿನಗಳಿಗೆ ಇಳಿಯಿತೆಂದು ೨೦೧೭ರ ವರದಿ ತಿಳಿಸುತ್ತದೆ.

ಶಸ್ತ್ರಚಿಕಿತ್ಸೆಯ ಅನಂತರ ಮನೆಯವರು ಮಾಡಬಹುದಾದ ಕೆಲಸವೂ ಸ್ವಲ್ಪವಲ್ಲ. ವೈದ್ಯರು ಒಪ್ಪಿದೊಡನೆ ಹಿರಿಯರನ್ನು ಎಬ್ಬಿಸಿ ಕುಳ್ಳಿರಿಸಬೇಕು, ಮೆಲ್ಲಗೆ ನಡೆಯಿಸಬೇಕು. ಕನ್ನಡಕವನ್ನೂ ಶ್ರವಣಯಂತ್ರವನ್ನೂ ಪೆಟ್ಟಿಗೆಯಲ್ಲಿಡದೆ ಅವರಿಗೆ ಹಾಕಬೇಕು. ಹಗಲಿನಲ್ಲಿ ಬೆಳಕು, ಇರುಳಿನಲ್ಲಿ ನಿದ್ರೆ, ಪಕ್ಕದಲ್ಲಿ ಪರಿಚಿತವಾದ ಒಂದು ಮುಖ, ಇವು ಇರಬೇಕು. ಕಣ್ಣುಕಿವಿಗಳ ಸಂಪರ್ಕ ಕಡಿದಾಗ ಮೆದುಳು ದಿಕ್ಕುತಪ್ಪುವುದು ಸುಲಭ. ಮೇಲೆ ಹೇಳಿದ ಸನ್ನಿಯನ್ನು ತಡೆಯುವುದರಲ್ಲಿ ಈ ಸಣ್ಣ ಉಪಚಾರಗಳಿಗೆ ದೊಡ್ಡ ಪಾತ್ರವಿದೆ.

ನಮ್ಮ ದೊಡ್ಡಪ್ಪನವರ ವಿಷಯದಲ್ಲಿ ಇದೆಲ್ಲ ಮೊದಲೇ ತಿಳಿದಿದ್ದರೆ ಫಲ ಬೇರೆಯಾಗುತ್ತಿತ್ತೆ? ಒಂದೇ ಉದಾಹರಣೆಯಿಂದ ಹಾಗೆ ಹೇಳಲು ಬಾರದು. ಆದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುವ ಬದಲು, "ಒಂದು ವರ್ಷದಲ್ಲಿ ಇಷ್ಟು ಇಳಿದಿದ್ದಾರೆ, ಕೈಯೂರದೆ ಏಳಲಾರರು, ನಡಿಗೆ ನಿಂತಿದೆ" ಎಂಬ ಮೂರು ಮಾತುಗಳನ್ನು ನಾವು ವೈದ್ಯರ ಮುಂದೆ ಇಡಬಹುದಾಗಿತ್ತು. ರಕ್ತದ ಪರೀಕ್ಷೆ ಹೇಳಲಾರದುದನ್ನು ಆ ಮೂರು ಮಾತುಗಳು ಹೇಳುತ್ತಿದ್ದುವು. ಮುಂದೆ ನಮ್ಮ ಮನೆಗಳಲ್ಲಿ ಇಂತಹ ಸಂದರ್ಭ ಬಂದಾಗ "ವಯಸ್ಸೆಷ್ಟು?" ಎಂದು ಕೇಳುವ ಬಂಧುಗಳಿಗೆ ಉತ್ತರ ಕೊಟ್ಟ ಮೇಲೆ, ಇನ್ನೂ ಒಂದು ಪ್ರಶ್ನೆಯನ್ನು ನಾವೇ ಕೇಳಿಕೊಳ್ಳೋಣ: ಇವರು ಕುರ್ಚಿಯಿಂದ ಹೇಗೆ ಏಳುತ್ತಾರೆ?